ವರಲಕ್ಷ್ಮಿಯ ಕನ್ನಡ



"ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು" ಎಂಬ ಗಾದೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ಗಾದೆಗಳನ್ನು ವಿಸ್ತರಿಸಿ ಬರೆಯಿರಿ ಎಂಬ ಪ್ರಶ್ನೆ ಪರೀಕ್ಷೆಯಲ್ಲಿ ತಪ್ಪದೆ ಬರುತ್ತಿತ್ತು. ನೀವೆಲ್ಲ ಅದಕ್ಕೆ ಉತ್ತರ ಬರೆದೇ ಮೇಲಿನ ತರಗತಿಗೆ ಹೋದವರು. ಆದರೆ ಕೆಲವು ಗಾದೆಗಳು ವಿಸ್ತರಣೆಗೆ ತಕ್ಕವಲ್ಲ, ವಿಚಾರಣೆಗೆ ತಕ್ಕವು. ಮೇಲಿನ ಗಾದೆಯನ್ನು ನಾನು ಆ ಸಾಲಿಗೆ ಸೇರಿಸುತ್ತೇನೆ. ಹೆಂಗಸು ನಕ್ಕರೇ ಸಂದೇಹ ಎನ್ನುವ ಸಮಾಜದಲ್ಲಿ ನಾಲ್ಕು ಜನರನ್ನು ನಗಿಸುವುದನ್ನೇ ವೃತ್ತಿ ಮಾಡಿಕೊಂಡ ಹೆಂಗಸಿನ ಸ್ಥಾನವೇನು? ಈ ಪ್ರಶ್ನೆಯನ್ನು ಕುರಿತು ನನ್ನ ಅಭಿಪ್ರಾಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಾಗಿ ನಿಮಗೆಲ್ಲ ಪರಿಚಿತರಾದ ಅಪರ್ಣಾ ಅವರನ್ನು ತೆಗೆದುಕೊಂಡಿದ್ದೇನೆ.

ಅಪರ್ಣಾ 2024ರ ಜುಲೈ 11ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಶ್ವಾಸಕೋಶದ ಕ್ಯಾನ್ಸರು ಎರಡು ವರ್ಷಗಳಿಂದ ಅವರನ್ನು ಬಾಧಿಸುತ್ತಿದ್ದರೂ ಹೊರಗಿನವರಿಗೆ ಅದು ಹೆಚ್ಚಾಗಿ ತಿಳಿದಿರಲಿಲ್ಲ. ಅವರ ಸಾವಿನ ಸುದ್ದಿ ಬಂದ ಮರುದಿನ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ದೂರವಾಣಿಯಲ್ಲಿ ಮಾತನಾಡಿದರು. ಎಲ್ಲರ ಮಾತೂ ಹೆಚ್ಚುಕಡಿಮೆ ಒಂದೇ: "ಎಂಥಾ ಸ್ವಚ್ಛ ಕನ್ನಡ ಸರ, ಎಂಥಾ ಧ್ವನಿ!" ನಿಜ. ಆ ಮಾತಿನಲ್ಲಿ ಅತಿಶಯೋಕ್ತಿಯಿಲ್ಲ. ಆದರೆ ಅವರಲ್ಲಿ ಒಬ್ಬಿಬ್ಬರು ಇನ್ನೊಂದು ಮಾತನ್ನೂ ಸೇರಿಸಿದರು: "ಕೊನೇಕ ಆ ಮಜಾ ಟಾಕೀಸಿಗೆ ಹೋಗಿ ಹಾಂಗ್ಯಾಕ ಚೀರಾಡಬೇಕಿತ್ತು? ಅವರ ಗೌರವಕ್ಕ ತಕ್ಕದ್ದಲ್ಲ ಅದು." ಈ ಎರಡನೆಯ ಮಾತನ್ನು ನಾನು ಒಪ್ಪುವುದಿಲ್ಲ. ಅದನ್ನು ಏಕೆ ಒಪ್ಪುವುದಿಲ್ಲ ಎಂಬುದನ್ನು ವಿವರಿಸಲು ಅವರ ಬದುಕನ್ನು ಸ್ವಲ್ಪ ನೋಡಬೇಕು.

ಅಪರ್ಣಾ ಚಿಕ್ಕಮಗಳೂರು ಜಿಲ್ಲೆಯ ಪಂಚನಹಳ್ಳಿಯವರು. ಹದಿಹರೆಯದಲ್ಲಿಯೇ ಅವರನ್ನು ಚಿತ್ರರಂಗಕ್ಕೆ ತಂದವರು ಪುಟ್ಟಣ್ಣ ಕಣಗಾಲರು. ಚಿತ್ರ 'ಮಸಣದ ಹೂವು'. ಅದು ಪುಟ್ಟಣ್ಣನವರ ಕೊನೆಯ ಚಿತ್ರ. 1985ರಲ್ಲಿ ಅವರು ನಿಧನರಾದಾಗ ಉಳಿದ ಕೆಲಸವನ್ನು ಕೆ.ಎಸ್.ಎಲ್. ಸ್ವಾಮಿಯವರು ಪೂರೈಸಿದರು. ಅಂಥ ನಿರ್ದೇಶಕರ ಕೈಯಲ್ಲಿ ಮೊದಲ ಪಾಠ ಕಲಿತ ಹುಡುಗಿ ಮುಂದೆ ಕೆಲವು ಚಿತ್ರಗಳಲ್ಲಿ ನಟಿಸಿ, ಕ್ರಮೇಣ ಆಕಾಶವಾಣಿ ಮತ್ತು ದೂರದರ್ಶನದ ಕಡೆಗೆ ತಿರುಗಿದರು. ಎಫ್.ಎಂ. ರೈನ್‌ಬೋದಲ್ಲಿ ನಿರೂಪಕಿಯಾದರು. ಇಂದು ಚಂದನವೆಂದು ಕರೆಯುವ ವಾಹಿನಿಯಲ್ಲಿ 1990ರ ದಶಕದುದ್ದಕ್ಕೂ ಅವರ ಮುಖ ಮನೆಮನೆಗೆ ಬಂತು. 1998ರ ದೀಪಾವಳಿಯ ಒಂದು ಕಾರ್ಯಕ್ರಮವನ್ನು ಸತತವಾಗಿ ಎಂಟು ಗಂಟೆಗಳ ಕಾಲ ನಿರೂಪಿಸಿ ದಾಖಲೆ ಮಾಡಿದರು. ಸರ್ಕಾರದ ದೊಡ್ಡ ದೊಡ್ಡ ಸಮಾರಂಭಗಳ ವೇದಿಕೆಗೆ ಅವರ ಧ್ವನಿಯೇ ಮಂಗಳವಾದ್ಯವಾಗಿತ್ತು. 2011ರಲ್ಲಿ ಬೆಂಗಳೂರಿನಲ್ಲಿ ಮೆಟ್ರೊ ರೈಲು ಆರಂಭವಾದ ಮೇಲೆ ನಿಲ್ದಾಣಗಳ ಹೆಸರನ್ನು ಕನ್ನಡದಲ್ಲಿ ಹೇಳಿದ ಧ್ವನಿಯೂ ಅವರದೇ. ಅವರು ಇಲ್ಲವಾದ ದಿನವೂ ಆ ರೈಲಿನಲ್ಲಿ ಆ ದನಿ ಪ್ರಯಾಣಿಕರಿಗೆ ಬಾಗಿಲು ಎತ್ತ ತೆರೆಯುವುದೆಂದು ಹೇಳುತ್ತಿತ್ತು. ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ನನ್ನ ವಿದ್ಯಾರ್ಥಿನಿಯೊಬ್ಬಳು ಅಂದು ಇಳಿಯಬೇಕಾದ ನಿಲ್ದಾಣ ಬಂದರೂ ಇಳಿಯಲು ಮನಸ್ಸಾಗಲಿಲ್ಲ ಎಂದು ಹೇಳಿದಳು.

ಇದರ ನಡುವೆ ಅವರು 'ಮೂಡಲ ಮನೆ', 'ಮುಕ್ತ'ದಂಥ ಗಂಭೀರ ಧಾರಾವಾಹಿಗಳಲ್ಲಿಯೂ ನಟಿಸಿದ್ದರು. 2013ರಲ್ಲಿ ಕನ್ನಡ ಬಿಗ್ ಬಾಸ್‌ನ ಮೊದಲ ಆವೃತ್ತಿಯಲ್ಲಿ ಸ್ಪರ್ಧಿಯಾಗಿದ್ದರು. ಅನಂತರ 2015ರಲ್ಲಿ ಸೃಜನ್ ಲೋಕೇಶರ 'ಮಜಾ ಟಾಕೀಸ್' ಆರಂಭವಾಯಿತು. ಅದು ಧಾರಾವಾಹಿಯೂ ಹೌದು, ಹರಟೆಯ ಕಟ್ಟೆಯೂ ಹೌದು. ಒಂದು ಮನೆ, ಆ ಮನೆಯ ಖಾಯಂ ಮಂದಿ, ವಾರವಾರ ಬರುವ ಸಿನಿಮಾ ಅತಿಥಿಗಳು, ಎದುರಿಗೆ ಕುಳಿತು ನಗುವ ಪ್ರೇಕ್ಷಕರು. ಮನೆಯೊಡತಿ ರಾಣಿಯಾಗಿ ಶ್ವೇತಾ ಚೆಂಗಪ್ಪ, ಜೊತೆಗೆ ಕುರಿ ಪ್ರತಾಪ್, ಮಂಡ್ಯ ರಮೇಶ್ ಮೊದಲಾದವರು. ಆ ಗುಂಪಿನಲ್ಲಿ ಅಪರ್ಣಾ 'ವರಲಕ್ಷ್ಮಿ' ಆದರು. ತನ್ನನ್ನು ತಾನೇ 'ಒನ್ ಅಂಡ್ ಓನ್ಲಿ' ಎಂದು ಕರೆದುಕೊಂಡು ಮೆರೆಯುವ, ಬಡಾಯಿಯೇ ಮೈವೆತ್ತಂತಿದ್ದ ವಾಚಾಳಿ ಪಾತ್ರ ಅದು.

ನಮ್ಮ ಕೆಲವು ಹಿರಿಯ ಸ್ನೇಹಿತರಿಗೆ ಇದು ಆಘಾತವಾಯಿತು. ಹಾವೇರಿಯಲ್ಲಿ ಬೆಳಗಿನ ವಾಯುವಿಹಾರದ ನಮ್ಮ ನಿವೃತ್ತ ಮಂಡಳಿಯಲ್ಲಿ ಈ ವಿಷಯವಾಗಿ ಎಷ್ಟೋ ದಿನ ಚರ್ಚೆ ನಡೆಯಿತು. ದೇವಸ್ಥಾನದ ಗಂಟೆಯನ್ನು ತೆಗೆದು ಎತ್ತಿನ ಕೊರಳಿಗೆ ಕಟ್ಟಿದ ಹಾಗಾಯಿತು ಎಂದು ಒಬ್ಬರು ಹೇಳಿದರು. ಎತ್ತಿನ ಕೊರಳಿನ ಗಂಟೆಗೂ ಒಂದು ನಾದವಿದೆ, ಅದನ್ನು ಕೇಳಿಯೇ ರೈತನ ಮನೆಯವರು ಬಾಗಿಲು ತೆರೆಯುತ್ತಾರೆ ಎಂದು ನಾನು ಹೇಳಿದೆ. ಮಾತು ಅಲ್ಲಿಗೆ ನಗೆಯಲ್ಲಿ ಮುಗಿಯಿತು. ಆದರೆ ವಿಷಯ ಮುಗಿಯಲಿಲ್ಲ.

ನನ್ನ ವಾದ ಇಷ್ಟೇ. ವರಲಕ್ಷ್ಮಿಯ ಪಾತ್ರ ಅಪರ್ಣಾ ಅವರ ಭಾಷಾಸಾಧನೆಯಿಂದ ಇಳಿದ ಮೆಟ್ಟಿಲಲ್ಲ. ಆ ಸಾಧನೆ ಇದ್ದುದರಿಂದಲೇ ಸಾಧ್ಯವಾದ ಪಾತ್ರ ಅದು. ಸಂಗೀತ ಬಲ್ಲವನು ಮಾತ್ರ ಅಪಸ್ವರವನ್ನು ಬೇಕಾದ ಕಡೆ ಬೇಕಾದಷ್ಟೇ ಹಾಡಿ ತೋರಿಸಬಲ್ಲ. ಬಾರದವನ ಅಪಸ್ವರ ಕಿವಿಗೆ ಹಿಂಸೆ. ಬಲ್ಲವನ ಅಪಸ್ವರ ವಿನೋದ. ಮಾತಿನ ಏರಿಳಿತ ಎಲ್ಲಿರಬೇಕು, ಉಸಿರನ್ನು ಎಲ್ಲಿ ನಿಲ್ಲಿಸಬೇಕು, ಒತ್ತು ಯಾವ ಅಕ್ಷರದ ಮೇಲೆ ಬೀಳಬೇಕು ಎಂಬುದನ್ನು ಮೂವತ್ತು ವರ್ಷ ಸಾಧಿಸಿದವರಿಗೆ, ಅದೇ ಮಾತನ್ನು ಎಲ್ಲಿ ಎಳೆದರೆ ಬಡಾಯಿಯಾಗುತ್ತದೆ, ಎಲ್ಲಿ ಏರಿಸಿದರೆ ಜಂಬವಾಗುತ್ತದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ವರಲಕ್ಷ್ಮಿ ಎಷ್ಟೇ ಚೀರಿದರೂ ಅವಳ ಒಂದು ಅಕ್ಷರವೂ ನುಂಗಿಹೋಗುತ್ತಿರಲಿಲ್ಲ. ಗದ್ದಲದ ನಡುವೆಯೂ ಪ್ರತಿಯೊಂದು ಶಬ್ದ ಹಿಂದಿನ ಸಾಲಿನ ಪ್ರೇಕ್ಷಕನಿಗೆ ತಲುಪುತ್ತಿತ್ತು. ಕನ್ನಡ ಕಲಿಸಿ ಬದುಕಿದ ನನ್ನಂಥವನು ಇದನ್ನು ಗಮನಿಸದೆ ಇರಲಾರ.

ಇನ್ನೊಂದು ಅಂಶವನ್ನು ನೋಡಿರಿ. ಅವರು ಆ ಪಾತ್ರದಲ್ಲಿ ಯಾರನ್ನು ಕುರಿತು ನಕ್ಕರು? ಬಡವರನ್ನಲ್ಲ, ಹಳ್ಳಿಯವರನ್ನಲ್ಲ, ಓದು ಬಾರದವರನ್ನಲ್ಲ. ನಯವಾದ ಮಾತು, ಒಪ್ಪವಾದ ಸೀರೆ, ವೇದಿಕೆಯ ಗಾಂಭೀರ್ಯ ಇವುಗಳಿಂದ ನಾಡಿಗೆಲ್ಲ ಪರಿಚಿತವಾಗಿದ್ದ ತಮ್ಮದೇ ಚಿತ್ರವನ್ನು ತಾವೇ ಎದುರಿಗಿಟ್ಟುಕೊಂಡು ನಕ್ಕರು. ಸನ್ಮಾನದ ಶಾಲು ಹೊದ್ದು ಹೊದ್ದು ಅದನ್ನು ತೆಗೆಯುವುದನ್ನೇ ಮರೆತವರು ನಮ್ಮಲ್ಲಿ ಬಹಳ ಮಂದಿ. ಐವತ್ತರ ಹತ್ತಿರದ ವಯಸ್ಸಿನಲ್ಲಿ, ಕೀರ್ತಿಯೆಲ್ಲ ಕೈಗೆ ಬಂದ ಮೇಲೆ, ಆ ಶಾಲನ್ನು ಗೂಟಕ್ಕೆ ತೂಗುಹಾಕಿ ಜನರ ಎದುರು ನಗೆಪಾಟಲಾಗಲು ಎದೆಗಾರಿಕೆ ಬೇಕು.

ನಮ್ಮ ಶಾಸ್ತ್ರವೇನು ಹೇಳುತ್ತದೆ ಎಂದು ಕೇಳುವವರೂ ಇದ್ದೀರಿ. ಭರತಮುನಿ ಹಾಸ್ಯವನ್ನು ರಸಗಳ ಪಂಕ್ತಿಯಲ್ಲಿಯೇ ಕೂರಿಸಿದ್ದಾನೆ. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ ಎಂದಿದ್ದಾನೆ. ವೇಷ, ಅಲಂಕಾರ, ಮಾತು ಇವು ಸಹಜಸ್ಥಿತಿಯಿಂದ ವಿಕಾರಗೊಂಡಾಗ ಹಾಸ್ಯವೆಂದು ವಿವರಿಸಿದ್ದಾನೆ. ಮುಗುಳ್ನಗೆಯಿಂದ ಹಿಡಿದು ಅಟ್ಟಹಾಸದವರೆಗೆ ನಗೆಯಲ್ಲಿ ಆರು ಬಗೆಗಳನ್ನೂ ಎಣಿಸಿದ್ದಾನೆ. ಇಷ್ಟೆಲ್ಲ ಸೂಕ್ಷ್ಮವಾಗಿ ನೋಡಿದ ಮುನಿಯೇ, ಈ ರಸ ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಹೆಚ್ಚಾಗಿ ಕಾಣುತ್ತದೆ ಎಂದು ಒಂದೇ ಉಸಿರಿನಲ್ಲಿ ಇಬ್ಬರನ್ನೂ ಸೇರಿಸಿಬಿಟ್ಟಿದ್ದಾನೆ. ಹೆಣ್ಣು ನಗುವುದು, ಕೀಳಾದವರು ನಗುವುದು ಎರಡೂ ಒಂದೇ ಎಂಬ ಭಾವನೆ ಎಷ್ಟು ಹಳೆಯದು ನೋಡಿರಿ! ಶಾಸ್ತ್ರದಲ್ಲಿಯೇ ಅದು ಸೇರಿಕೊಂಡಿದ್ದರೆ ನಮ್ಮ ಗಾದೆಯಲ್ಲಿ ಉಳಿದದ್ದು ಆಶ್ಚರ್ಯವಲ್ಲ.

ಅಪರ್ಣಾ ಒಬ್ಬರದೇ ಮಾತಲ್ಲ ಇದು. ಕಿರುತೆರೆಯ ಆರಂಭದ ದಿನಗಳಲ್ಲಿ ದೂರದರ್ಶನದಲ್ಲಿ ಬಂದ 'ಸಿಹಿಕಹಿ' ಧಾರಾವಾಹಿಯ ಗೀತಾ ಮತ್ತು ಚಂದ್ರು ಅವರ ಹೆಸರಿಗೆ ಆ ಧಾರಾವಾಹಿಯ ಹೆಸರೇ ಮನೆತನದ ಹೆಸರಿನಂತೆ ಅಂಟಿಕೊಂಡಿತು. ಮುಂದೆ ಅದೇ ಸಿಹಿಕಹಿ ಚಂದ್ರು ನಿರ್ದೇಶಿಸಿದ 'ಪಾಪ ಪಾಂಡು' ಈಟಿವಿಯಲ್ಲಿ ಬರುತ್ತಿದ್ದಾಗ, ಚಿದಾನಂದರ ಪಾಂಡುವನ್ನು ಗದರಿಸುವ ಹೆಂಡತಿಯಾಗಿ ಶಾಲಿನಿ ಸತ್ಯನಾರಾಯಣ ಮನೆಮಾತಾದರು. 2018ರಲ್ಲಿ ಅದೇ ಧಾರಾವಾಹಿಯನ್ನು ಮತ್ತೊಮ್ಮೆ ತೆರೆಗೆ ತಂದಾಗಲೂ ಅವರೇ ಬೇಕಾಯಿತು. ಈಟಿವಿಯಲ್ಲಿಯೇ ಬಂದ ವಿಜಯಪ್ರಸಾದರ 'ಸಿಲ್ಲಿ ಲಲ್ಲಿ'ಯಲ್ಲಿ ಮಂಜುಭಾಷಿಣಿ ಸಮಾಜಸೇವಕಿ ಲಲಿತಾಂಬೆಯಾದರು. ಸೇವೆಯ ಹೆಸರಿನಲ್ಲಿ ಪ್ರಚಾರಕ್ಕೆ ಹಾತೊರೆಯುವವರು ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಲಲಿತಾಂಬೆಯನ್ನು ನೋಡಿದ ಮೇಲೆ ಅಂಥವರಿಗೆ ಒಂದು ಹೆಸರು ಸಿಕ್ಕಂತಾಯಿತು. ಅಂಥವರು ಬಂದರೆ ಈಗಲೂ ನಮ್ಮ ಮನೆಯಲ್ಲಿ ಮೊಮ್ಮಕ್ಕಳು ಪಿಸುಗುಟ್ಟುವುದು "ಲಲಿತಾಂಬ ಬಂದ್ಲು" ಎಂದೇ.

ದಿನವೂ ಅರ್ಧ ಗಂಟೆ ನಗಿಸುವುದು ಸುಲಭದ ಕೆಲಸವಲ್ಲ. ಅಳುವ ದೃಶ್ಯಕ್ಕೆ ಹಿನ್ನೆಲೆ ಸಂಗೀತ ಅರ್ಧ ಕೆಲಸ ಮಾಡಿಕೊಡುತ್ತದೆ. ಕ್ಯಾಮೆರಾ ಮುಖದ ಹತ್ತಿರ ಹೋದರೆ ಇನ್ನು ಸ್ವಲ್ಪ ಕೆಲಸ ಮುಗಿಯಿತು. ನಗೆಗೆ ಅಂಥ ಆಸರೆಯಿಲ್ಲ. ಮಾತು ಒಂದು ಕ್ಷಣ ಮೊದಲು ಬಂದರೂ ಹಾಳು, ಒಂದು ಕ್ಷಣ ತಡವಾದರೂ ಹಾಳು. ಎದುರಿನವನ ಮಾತನ್ನು ಕೇಳಿಸಿಕೊಂಡು, ಕೇಳಿಸಿಕೊಂಡಿಲ್ಲವೆಂಬಂತೆ ಮುಖ ಮಾಡಿ, ಸರಿಯಾದ ಗಳಿಗೆಯಲ್ಲಿ ಉತ್ತರ ಕೊಡಬೇಕು. ಇದನ್ನು ವರ್ಷಗಟ್ಟಲೆ ಮಾಡಿದ ನಟಿಯರಿಗೆ ನಾವು ಕೊಟ್ಟದ್ದು ಒಂದು ಅಡ್ಡಹೆಸರು ಮಾತ್ರ.

ಉಮಾಶ್ರೀಯವರ ವೃತ್ತಾಂತ ಇದಕ್ಕೆ ಒಳ್ಳೆಯ ಸಾಕ್ಷಿ. ಬಡತನ, ಒಂಟಿತನ, ಮಕ್ಕಳ ಪಾಲನೆ ಇವೆಲ್ಲವುಗಳ ನಡುವೆ ರಂಗಭೂಮಿಯಿಂದ ಬಂದ ಅವರು 1980 ಮತ್ತು 1990ರ ದಶಕಗಳಲ್ಲಿ ಅಸಂಖ್ಯ ಚಿತ್ರಗಳಲ್ಲಿ ಜನರನ್ನು ನಗಿಸಿದರು. ಆಗ ಅವರು 'ಹಾಸ್ಯನಟಿ'. ಕೆಲವು ಮನೆಗಳಲ್ಲಿ ಅವರ ಹೆಸರು ಹೇಳಿದರೆ ಹಿರಿಯರು ಮುಖ ಸಿಂಡರಿಸುತ್ತಿದ್ದುದನ್ನು ನಾನು ಬಲ್ಲೆ. ಅದೇ ಕಾಲದಲ್ಲಿ 'ಒಡಲಾಳ' ನಾಟಕದ ಸಾಕವ್ವನಾಗಿ ಅವರನ್ನು ಕಂಡವರು ಬೇರೆಯೇ ಮಾತನಾಡುತ್ತಿದ್ದರು. ಮುಂದೆ ಗಿರೀಶ ಕಾಸರವಳ್ಳಿಯವರ 'ಗುಲಾಬಿ ಟಾಕೀಸ್' ಚಿತ್ರಕ್ಕಾಗಿ ಅವರಿಗೆ ಶ್ರೇಷ್ಠ ನಟಿಯೆಂದು ರಾಷ್ಟ್ರಪ್ರಶಸ್ತಿ ಬಂದಾಗ ಎಲ್ಲರೂ "ಅಬ್ಬಾ, ಎಂಥ ನಟಿ!" ಎಂದರು. 2013ರಲ್ಲಿ ಅವರು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಚಿವೆಯೂ ಆದರು. ಪ್ರಶಸ್ತಿ ಬರುವ ಹಿಂದಿನ ದಿನ ಅವರು ಏನಾಗಿದ್ದರು? ನಗಿಸಿದಾಗ ಹಾಸ್ಯನಟಿ, ಮರುಗಿಸಿದಾಗ ನಟಿ ಎಂಬ ಈ ಲೆಕ್ಕವನ್ನು ನಾವು ಎಲ್ಲಿ ಕಲಿತೆವು? ಒಂದೇ ಮುಖ, ಒಂದೇ ಕಂಠ, ಒಂದೇ ದುಡಿಮೆ.

ಈಗ ನಮ್ಮ ಊರುಗಳ ಕಡೆಗೆ ಬರುತ್ತೇನೆ. ಈ ಲೇಖನ ಬರೆಯಲು ನಿಜವಾದ ಕಾರಣ ಇಲ್ಲಿಯೇ ಇದೆ. ಹಾವೇರಿ ಸೀಮೆಗೂ ನಾಟಕಕ್ಕೂ ಇರುವ ನಂಟು ಹಳೆಯದು. ಆಧುನಿಕ ಕನ್ನಡ ರಂಗಭೂಮಿಗೆ ತಳಪಾಯ ಹಾಕಿದ ಶಾಂತಕವಿಗಳು, ಎಂದರೆ ಸಕ್ಕರಿ ಬಾಳಾಚಾರ್ಯರು, ಹಿರೇಕೆರೂರು ಭಾಗದ ಸಾತೇನಹಳ್ಳಿಯವರು. ಆ ಊರಿನ ಶಾಂತೇಶನ ಹೆಸರನ್ನೇ ತಮ್ಮ ಕಾವ್ಯನಾಮಕ್ಕೆ ಇಟ್ಟುಕೊಂಡವರು. ವೃತ್ತಿಯಿಂದ ಶಾಲಾ ಮಾಸ್ತರರು! ಮರಾಠಿ ನಾಟಕಗಳ ಅಬ್ಬರದಲ್ಲಿ ಕನ್ನಡದ ದನಿ ಕೇಳಿಸದಿದ್ದ 1870ರ ದಶಕದಲ್ಲಿ ಅವರು ಗದುಗಿನಲ್ಲಿ ಕನ್ನಡ ನಾಟಕ ಮಂಡಳಿಯನ್ನು ಕಟ್ಟಿದರು. ಆಗ ಹೆಣ್ಣಿನ ಪಾರ್ಟನ್ನೂ ಗಂಡಸರೇ ಮಾಡಬೇಕಾಗಿತ್ತು. ಮುಂದೆ ಹೆಣ್ಣುಮಕ್ಕಳು ರಂಗಕ್ಕೆ ಬಂದರು. ಜಾತ್ರೆಗಳಿಗೆ ಬಂದು ರಾಣೇಬೆನ್ನೂರಿನಲ್ಲೋ ಬ್ಯಾಡಗಿಯಲ್ಲೋ ಮೊಕ್ಕಾಂ ಹೂಡುತ್ತಿದ್ದ ಕಂಪನಿಗಳನ್ನು ನಿಮ್ಮಲ್ಲಿ ಹಿರಿಯರಾದವರು ನೋಡಿದ್ದೀರಿ. ಗೋಡೆಗೆ ಅಂಟಿಸಿದ ಜಾಹೀರಾತಿನಲ್ಲಿ ನಾಯಕಿಯ ಹೆಸರು ದಪ್ಪಕ್ಷರದಲ್ಲಿ. ಹಾಸ್ಯದ ಪಾರ್ಟಿನ ಹೆಣ್ಣುಮಗಳ ಹೆಸರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಆದರೆ ನಾಟಕ ಮುಗಿದ ಮೇಲೆ ಚಕ್ಕಡಿಯಲ್ಲಿ ಊರಿಗೆ ಹೋಗುವಾಗ ಜನ ಮೆಲುಕು ಹಾಕುತ್ತಿದ್ದುದು ಅವಳ ಮಾತನ್ನೇ.

ಇನ್ನು ನಮ್ಮ ಭಾಷೆಯ ಸಂಗತಿ. 1956ರವರೆಗೆ ನಾವು ಮುಂಬಯಿ ಪ್ರಾಂತಕ್ಕೆ ಸೇರಿದವರು. ರಾಣೇಬೆನ್ನೂರಿನಿಂದ ಮುಂದೆ ಹೋಗಿ ತುಂಗಭದ್ರೆಯನ್ನು ದಾಟಿದರೆ ಹರಿಹರ, ಅಲ್ಲಿಂದ ಹಳೆಯ ಮೈಸೂರು ಸಂಸ್ಥಾನ. ನದಿಯ ಒಂದು ದಂಡೆಯಿಂದ ಇನ್ನೊಂದು ದಂಡೆಗೆ ಹೋಗುವಷ್ಟರಲ್ಲಿ ಮಾತಿನ ಧಾಟಿ ಬದಲಾಗುತ್ತದೆ. ಬೆಂಗಳೂರಿನಲ್ಲಿ ತಯಾರಾಗುವ ಹಾಸ್ಯ ಕಾರ್ಯಕ್ರಮಗಳಲ್ಲಿ ನಮ್ಮ ಕಡೆಯ ಮಾತು ಎಷ್ಟೋ ಸಲ ಅಡುಗೆಯವನ ಬಾಯಲ್ಲಿ, ಕಾವಲುಗಾರನ ಬಾಯಲ್ಲಿ, ಪೆದ್ದನ ಬಾಯಲ್ಲಿ ಬರುತ್ತದೆ. "ಯಾಕ್ರೀ", "ಹೌದ್ರೀ" ಎಂದರೆ ಸಾಕು, ಅದೇ ನಗೆಹನಿ ಎಂದು ಅವರು ತಿಳಿದಿರುತ್ತಾರೆ. ಆ ಮಾತಿನೊಳಗೆ ಇರುವ ಚಾಟಿ, ಚುರುಕು ಅವರಿಗೆ ಬೇಕಿಲ್ಲ. ಇದನ್ನು ನೋಡಿ ನಮ್ಮ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದ ಕೂಡಲೇ ತಮ್ಮ ಮಾತನ್ನು ಚೀಲದ ತಳಕ್ಕೆ ಹಾಕಿ ಗಂಟು ಕಟ್ಟುತ್ತಾರೆ.

ಆದರೆ ನಮ್ಮ ಹೆಣ್ಣುಮಕ್ಕಳ ಮಾತಿನಲ್ಲಿ ಎಂಥ ಹಾಸ್ಯಶಕ್ತಿಯಿದೆ ಎಂಬುದನ್ನು ನೋಡಬೇಕಾದರೆ ಹಂಗಾಮಿನಲ್ಲಿ ಬ್ಯಾಡಗಿಗೆ ಹೋಗಬೇಕು. ಮೆಣಸಿನಕಾಯಿಯ ರಾಶಿಗಳ ನಡುವೆ ಸಾಲಾಗಿ ಕುಳಿತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳನ್ನು ನೀವು ಕಂಡಿದ್ದೀರಿ. ಘಾಟು ಮೂಗಿಗೆ ಹೊಡೆಯುತ್ತದೆ, ಕೈ ಉರಿಯುತ್ತದೆ, ಕಣ್ಣಿನಲ್ಲಿ ನೀರು. ಆ ಉರಿಯ ನಡುವೆಯೇ ಒಬ್ಬಳು ದಲಾಲಿಯ ನಡಿಗೆಯನ್ನು ಅಣಕಿಸುತ್ತಾಳೆ. ಇನ್ನೊಬ್ಬಳು ಅತ್ತೆಯ ಬೈಗುಳವನ್ನು ಅದೇ ರಾಗದಲ್ಲಿ ಒಪ್ಪಿಸುತ್ತಾಳೆ. ಮೂರನೆಯವಳು ಒಂದೇ ಮಾತು ಸೇರಿಸಿ ಇಡೀ ಸಾಲನ್ನು ನಗೆಯಲ್ಲಿ ಕೆಡವುತ್ತಾಳೆ. ಬ್ಯಾಡಗಿಯಲ್ಲಿ ಸೇವೆಯಲ್ಲಿದ್ದ ವರ್ಷಗಳಲ್ಲಿ ನನ್ನ ತರಗತಿಗೆ ಬರುತ್ತಿದ್ದ ಎಷ್ಟೋ ಹುಡುಗಿಯರು ಆ ತಾಯಂದಿರ ಮಕ್ಕಳು. ಮಾತಿನ ಹರಿತ ಅವರಿಗೆ ಹಾಲಿನೊಂದಿಗೆ ಬಂದದ್ದು. ಶಾಲೆಯ ಗ್ಯಾದರಿಂಗ್ ಬಂದಾಗ ಮಾತ್ರ ಹಾಸ್ಯ ಪ್ರಹಸನದ ಹೆಂಗಸಿನ ಪಾರ್ಟಿಗೆ ಯಾರೋ ಹುಡುಗನಿಗೆ ಸೀರೆ ಉಡಿಸುವುದು ರೂಢಿಯಾಗಿತ್ತು. ಹುಡುಗಿಯರಿಗೆ ಸ್ವಾಗತಗೀತೆ, ಕೋಲಾಟ. ನನ್ನ ಕೈಗೆ ಆ ಜವಾಬ್ದಾರಿ ಬಂದ ವರ್ಷಗಳಲ್ಲಿ ಹುಡುಗಿಯರಿಗೇ ಆ ಪಾರ್ಟು ಕೊಟ್ಟೆ. ಪಾಲಕರಿಂದ ಆಕ್ಷೇಪಗಳೂ ಬಂದವು. ಆದರೆ ಅಂದು ನಕ್ಕವರಲ್ಲಿ ಆಕ್ಷೇಪಿಸಿದವರೂ ಇದ್ದರು.

ಇತ್ತೀಚೆಗೆ ರಾಣೇಬೆನ್ನೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಅವಳ ಮಗಳು ಪದವಿ ತರಗತಿಯಲ್ಲಿದ್ದಾಳೆ. ಕಾಲೇಜಿನ ಕಿರುನಾಟಕಗಳಲ್ಲಿ ಎಲ್ಲರನ್ನೂ ನಗಿಸುತ್ತಾಳೆ; ಬಸ್ ನಿಲ್ದಾಣದ ಧ್ವನಿವರ್ಧಕದಿಂದ ಹಿಡಿದು ಪ್ರಾಚಾರ್ಯರವರೆಗೆ ಯಾರ ಧ್ವನಿಯನ್ನಾದರೂ ಅನುಕರಿಸುತ್ತಾಳೆ. ಬೆಂಗಳೂರಿನ ಹಾಸ್ಯ ಕಾರ್ಯಕ್ರಮವೊಂದರ ಆಯ್ಕೆಗೆ ಹೋಗಬೇಕೆಂದು ಅವಳ ಹಟ. ತಾಯಿಗೆ ಒಳಗೊಳಗೇ ಸಂತೋಷ, ಹೊರಗೆ ಭಯ. "ನಮ್ಮ ಮಾವನವರು ಒಪ್ಪವಲ್ಲರು ಸರ. ಅಳೂ ಪಾರ್ಟ್ ಇದ್ರ ಮಾಡ್ಲಿ, ಮಂದೀನ್ನ ನಗಸೂ ಪಾರ್ಟ್ ನಮ್ಮ ಮನಿ ಹೆಣ್ಣುಮಗಳಿಗೆ ಬ್ಯಾಡ ಅಂತಾರ" ಎಂದಳು. ಆ ಹಿರಿಯರು ನನಗೆ ಪರಿಚಿತರು, ಗೌರವಾನ್ವಿತರು. ಪ್ರಾಯದಲ್ಲಿ ಊರ ನಾಟಕಗಳಲ್ಲಿ ಹಾಸ್ಯದ ಪಾರ್ಟು ಮಾಡಿ ಹೆಸರು ಗಳಿಸಿದವರು! ಮೊಮ್ಮಗಳಿಗೆ ಬಂದ ಕಲೆ ಯಾರ ಆಸ್ತಿ ಎಂದು ಅವರನ್ನು ಯಾರೂ ಕೇಳಿದಂತಿಲ್ಲ.

ಅವರ ಮಾತಿನಲ್ಲಿ ಒಂದು ನ್ಯಾಯವಾದ ಭಯವಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಇಂದಿನ ಹಾಸ್ಯ ಕಾರ್ಯಕ್ರಮಗಳಲ್ಲಿ ಕೇಳಬಾರದ ಮಾತುಗಳಿಗೆ ಕೊರತೆಯಿಲ್ಲ. ದಪ್ಪಗಿದ್ದವರನ್ನು, ಕಪ್ಪಗಿದ್ದವರನ್ನು, ವಯಸ್ಸಾದವರನ್ನು ಹೀಯಾಳಿಸಿ ಚಪ್ಪಾಳೆ ಗಿಟ್ಟಿಸುತ್ತಾರೆ. ಎರಡು ಅರ್ಥದ ಮಾತುಗಳನ್ನು ಮಕ್ಕಳ ಎದುರಿಗೇ ಆಡುತ್ತಾರೆ. 'ಮಜಾ ಟಾಕೀಸ್' ಕೂಡ ಈ ದೋಷಗಳಿಂದ ಪೂರ್ತಿ ಮುಕ್ತವಾಗಿರಲಿಲ್ಲ. ಆದರೆ ಊರಿನ ಬಾವಿಯಲ್ಲಿ ಕಸ ಬಿದ್ದಿದೆಯೆಂದು ನೀರು ಸೇದುವುದನ್ನೇ ಬಿಡುತ್ತೇವೆಯೇ? ಬಾವಿಯ ಹೂಳು ತೆಗೆಯುತ್ತೇವೆ. ಒಳ್ಳೆಯ ಮನೆಯ, ಒಳ್ಳೆಯ ಅಭಿರುಚಿಯ, ಭಾಷೆ ಬಲ್ಲ ಹುಡುಗಿಯರನ್ನು ನಾವು ತಡೆದು ನಿಲ್ಲಿಸಿದಷ್ಟೂ ಆ ಜಾಗ ಕಸಕ್ಕೇ ಮೀಸಲಾಗುತ್ತದೆ. ಅಳುವ ಪಾತ್ರ ಮಾತ್ರ ಮಾಡಲಿ ಎನ್ನುವವರಿಗೆ ಇನ್ನೊಂದು ಪ್ರಶ್ನೆಯಿದೆ. ನಮ್ಮ ಕಿರುತೆರೆಯಲ್ಲಿ ಸಂಜೆಯಿಂದ ರಾತ್ರಿಯವರೆಗೆ ಹೆಣ್ಣುಮಕ್ಕಳು ಅಳುತ್ತಲೇ ಇದ್ದಾರೆ. ಅತ್ತೆಯಿಂದ, ಸವತಿಯಿಂದ, ವಿಷ ಹಾಕುವ ನಾದಿನಿಯಿಂದ. ಆ ಕಣ್ಣೀರನ್ನು ದಿನವೂ ನೋಡಿ ನಮ್ಮ ಹೆಣ್ಣುಮಕ್ಕಳಿಗೆ ಬಂದ ಭಾಗ್ಯವೇನು? ಲಲಿತಾಂಬೆಯನ್ನು ನೋಡಿ ನಕ್ಕವರು ಕೊನೆಗೆ ಬೂಟಾಟಿಕೆಯನ್ನು ಗುರುತಿಸುವುದನ್ನಾದರೂ ಕಲಿತರು.

ಆ ತಾಯಿಗೆ ನಾನು ಹೇಳಿದ್ದನ್ನು ಇಲ್ಲಿಯೂ ಬರೆಯುತ್ತೇನೆ, ಏಕೆಂದರೆ ಇಂಥ ಮಗಳು ನಿಮ್ಮ ಮನೆಯಲ್ಲಿಯೂ ಇರಬಹುದು. ಹುಡುಗಿ ಪದವಿಯನ್ನು ಮುಗಿಸಲಿ. ಆಯ್ಕೆಗೂ ಹೋಗಲಿ, ತಾಯಿ ಜೊತೆಗೆ ಹೋಗಲಿ. ಆಯ್ಕೆಯಾಗದಿದ್ದರೆ ಅವಮಾನವೆಂದು ತಿಳಿಯದಿರಲಿ. ಕಿರುತೆರೆಗೆ ಹೋಗುವ ಮೊದಲು ರಂಗದ ಮೇಲೆ ಕಾಲು ಗಟ್ಟಿ ಮಾಡಿಕೊಳ್ಳಲಿ. ದೂರ ಹೋಗುವ ಅಗತ್ಯವಿಲ್ಲ. ಹಾನಗಲ್ಲ ತಾಲ್ಲೂಕಿನ ಶೇಷಗಿರಿಯಂಥ ಪುಟ್ಟ ಹಳ್ಳಿಯ ಜನ ನಾಟಕಕ್ಕಾಗಿಯೇ ರಂಗಮಂದಿರ ಕಟ್ಟಿಕೊಂಡಿದ್ದಾರೆ. ಸಾಣೇಹಳ್ಳಿ ಇದೆ, ಧಾರವಾಡದ ರಂಗಾಯಣ ಇದೆ, ಹೆಗ್ಗೋಡಿನ ನೀನಾಸಂ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ದಿನವೂ ಅರ್ಧ ಗಂಟೆ ಕನ್ನಡವನ್ನು ಗಟ್ಟಿಯಾಗಿ ಓದಲಿ. ವಚನ ಓದಲಿ, ವಾರ್ತೆ ಓದಲಿ, ಅಪರ್ಣಾ ಅವರ ಹಳೆಯ ನಿರೂಪಣೆಗಳನ್ನು ಕೇಳಲಿ. ಸರಿಯಾದ ಉಚ್ಚಾರವನ್ನು ಕೈವಶ ಮಾಡಿಕೊಂಡು, ಅದರ ಪಕ್ಕದಲ್ಲಿಯೇ ರಾಣೇಬೆನ್ನೂರಿನ ಮಾತನ್ನೂ ತಲೆ ಎತ್ತಿ ನಿಲ್ಲಿಸಲಿ. ಎರಡೂ ಬಲ್ಲವಳು ಯಾರ ಮುಂದೆಯೂ ನಾಚಬೇಕಾಗಿಲ್ಲ. ಪೆದ್ದಿಯ ಬಾಯಲ್ಲಿ ನಮ್ಮ ಮಾತನ್ನು ಇಟ್ಟರೆ "ಈ ಮಾತು ಜಾಣೆಯ ಬಾಯಲ್ಲಿ ಇನ್ನೂ ಚಂದ ಕೇಳಿಸುತ್ತದೆ, ಕೊಟ್ಟು ನೋಡಿರಿ" ಎಂದು ಹೇಳುವ ಧೈರ್ಯ ಅವಳಿಗೆ ಬರಲಿ. ಯಾರ ಬಡತನವನ್ನೂ ಯಾರ ಬಣ್ಣವನ್ನೂ ಕುರಿತು ನಗಿಸುವುದಿಲ್ಲ ಎಂಬ ಒಂದು ನಿಯಮವನ್ನು ತನಗೆ ತಾನೇ ಹಾಕಿಕೊಳ್ಳಲಿ. ಇಷ್ಟಾದರೆ ಅಜ್ಜನ ಗೌರವಕ್ಕೆ ಕುಂದು ಬರುವುದಿಲ್ಲ. ಅವರು ಒಂದು ಕಾಲಕ್ಕೆ ಗಳಿಸಿದ ಹೆಸರು ಇನ್ನೊಂದು ತಲೆಮಾರಿಗೆ ಬೆಳೆಯುತ್ತದೆ.

ನಿಮ್ಮಲ್ಲಿ ಹಲವರು ಇಂದು ಶಿಕ್ಷಕರಾಗಿದ್ದೀರಿ, ಮುಖ್ಯೋಪಾಧ್ಯಾಯರಾಗಿದ್ದೀರಿ, ಊರಿನ ಸಂಘಗಳಲ್ಲಿ ಪದಾಧಿಕಾರಿಗಳಾಗಿದ್ದೀರಿ. ನಿಮ್ಮಲ್ಲಿ ನನ್ನ ವಿನಂತಿಗಳು ಎರಡು. ಮೊದಲನೆಯದು, ಈ ವರ್ಷದ ಗ್ಯಾದರಿಂಗ್‌ನಲ್ಲಿ ಹುಡುಗನಿಗೆ ಸೀರೆ ಉಡಿಸಿ ನಗಿಸುವುದನ್ನು ಬಿಡಿರಿ. ನಗಿಸಬಲ್ಲ ಹುಡುಗಿಗೆ ಆ ಪಾರ್ಟು ಕೊಡಿರಿ. ಎರಡನೆಯದು, ಸನ್ಮಾನದ ಪಟ್ಟಿ ತಯಾರಿಸುವಾಗ ನಿಮ್ಮ ಸೀಮೆಯ ಕಂಪನಿ ನಾಟಕಗಳಲ್ಲಿ ಹಾಸ್ಯದ ಪಾರ್ಟು ಮಾಡಿ ಮುಪ್ಪಾದ ತಾಯಂದಿರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿರಿ. ಅಂಥವರು ಹೆಚ್ಚು ಮಂದಿ ಉಳಿದಿರಲಾರರು. ಉಳಿದವರ ಬಾಯಿಂದ ಅವರ ಮಾತುಗಳನ್ನು ಬರೆದಿಟ್ಟುಕೊಳ್ಳಿರಿ. ಜಾಹೀರಾತಿನಲ್ಲಿ ಅಚ್ಚಾಗದ ಹೆಸರು ನಿಮ್ಮ ವಹಿಯಲ್ಲಿಯಾದರೂ ಅಚ್ಚಾಗಲಿ.

ಅಪರ್ಣಾ ಅವರ ಪತಿ ನಾಗರಾಜ ವಸ್ತಾರೆಯವರು ವಾಸ್ತುಶಿಲ್ಪಿಗಳು, ನಮ್ಮ ಒಳ್ಳೆಯ ಕತೆಗಾರರಲ್ಲಿ ಒಬ್ಬರು. ಆ ದಂಪತಿಗಳ ಬದುಕಿನ ನಡುಮನೆ ಕನ್ನಡವೇ ಆಗಿತ್ತು ಎಂದರೆ ತಪ್ಪಾಗದು. ಅಂಥ ಮನೆಯಿಂದ ಹೊರಟು ಒಬ್ಬ ವಿದ್ಯಾವಂತ ಮಹಿಳೆ ವರಲಕ್ಷ್ಮಿಯ ವೇಷ ತೊಟ್ಟು ನಿಂತರೆ ಅದನ್ನು ನಾವು ಪತನವೆಂದು ಕರೆಯಬಾರದು. ನಿರೂಪಕಿ ಅಪರ್ಣಾ, ಮೆಟ್ರೊದ ಅಪರ್ಣಾ ಎಂದು ನೆನೆಯುವವರು ವರಲಕ್ಷ್ಮಿ ಅಪರ್ಣಾ ಎಂದೂ ಅಷ್ಟೇ ಗೌರವದಿಂದ ನೆನೆಯಲಿ. ಕೇಳುವವರು ತಿದ್ದಿಕೊಳ್ಳುವಂತೆ ಮಾತನಾಡಿದ ಬಾಯಿ ಅದು. ಕೇಳುವವರು ನಗುವಂತೆಯೂ ಮಾತನಾಡಿತು. ಎರಡೂ ಕನ್ನಡದ ಸೇವೆಯೇ.

ಈ ವಿಷಯದಲ್ಲಿ ನನ್ನೊಡನೆ ಭಿನ್ನಾಭಿಪ್ರಾಯ ಇರುವವರು ಸಂಕೋಚವಿಲ್ಲದೆ ತಿಳಿಸಿರಿ. ರಾಣೇಬೆನ್ನೂರಿನ ಆ ಹಿರಿಯರಿಗೂ ಇದನ್ನು ಓದಿ ಹೇಳಿರೆಂದು ಅವರ ಸೊಸೆಗೆ ತಿಳಿಸಿದ್ದೇನೆ. ಅವರಿಗೆ ಸಿಟ್ಟು ಬಂದರೆ ಬರಲಿ. ನಡುವೆ ಎಲ್ಲಿಯಾದರೂ ಒಮ್ಮೆ ನಕ್ಕರೆ ಮೊಮ್ಮಗಳ ಅರ್ಧ ಕೆಲಸ ಆದಂತೆ.

ಎಲ್ಲರಿಗೂ ಶುಭವಾಗಲಿ.